ನೀರು ನೋಡದೆ ಬಂದವನು

ನಾನು ಆ ವರ್ಷ ಮೇಡ್ಲೇರಿಗೆ ಹೋಗಿರಲೇ ಇಲ್ಲ, ಹನುಮಂತಣ್ಣ. ಮಡುವಿನಲ್ಲಿ ನೀರಿಲ್ಲ ಎಂದು ಫೋನಿನಲ್ಲಿ ಹೇಳಿದೆನಲ್ಲ — ಅದು ಸುಳ್ಳು. ಆರು ವರ್ಷ ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯ ಚಹಾ ಕುಡಿದಿದ್ದೇನೆ.

ಬಾಯಿಬಿಟ್ಟು ಹೇಳೋಣವೆಂದು ಬ್ಯಾಡಗಿಯಿಂದ ಹಾವೇರಿಗೆ ಎಷ್ಟು ಸಲ ಬಂದೆನೋ ಲೆಕ್ಕವಿಲ್ಲ. ನಿನ್ನೆದುರು ಕೂತ ಕೂಡಲೇ ಅಂಗಡಿಯ ಸುದ್ದಿ, ಮಳೆಯ ಸುದ್ದಿ ತೆಗೆದು ಎದ್ದು ಬರುತ್ತೇನೆ. ಆಮೇಲೆ ಸಿಟ್ಟು ಬರುತ್ತದೆ — ನನ್ನ ಮೇಲೆ ಬರುವುದು ಸರಿ, ನಿನ್ನ ಮೇಲೂ ಬರುತ್ತದೆ! ಒಂದು ಸಲವಾದರೂ ನನ್ನನ್ನು ಅನುಮಾನಿಸಬಾರದಿತ್ತೇ ನೀನು? 'ಲೇ ಪರಸ್ಯಾ, ಖರೇ ಹೋಗಿದ್ದೇನು?' ಎಂದು ಒಂದೇ ಒಂದು ಸಲ ಕೇಳಿದ್ದರೆ ಅಲ್ಲೇ ಕಕ್ಕಿಬಿಡುತ್ತಿದ್ದೆ. ನೀನು ಕೇಳಲಿಲ್ಲ. ಕೇಳುವುದು ನಮ್ಮ ಪದ್ಧತಿಯಲ್ಲಿ ಇರಲಿಲ್ಲ.

ಆ ಪದ್ಧತಿ ಹಾಕಿದವನೂ ನೀನೇ. ದೊಡ್ಡಪ್ಪನ ಮಗನಾಗಿ ನನಗೆ ಗಾಳ ಕಟ್ಟುವುದನ್ನು ಕಲಿಸಿದೆ; ನನ್ನ ಜೊತೆ ಓದಿದ ಖಾಜಾನಿಗೂ ಕಲಿಸಿದೆ. ಹಾವೇರಿಯಲ್ಲಿ ನಿನ್ನ ಟೇಲರ್ ಅಂಗಡಿ, ಬ್ಯಾಡಗಿಯಲ್ಲಿ ನನ್ನ ಬೈಕ್ ಸಾಮಾನಿನ ಅಂಗಡಿ, ರಾಣೆಬೆನ್ನೂರಿನಲ್ಲಿ ಖಾಜಾನ ಪಂಪ್ ಮೋಟರ್ ರಿಪೇರಿ. ಬೇಸಿಗೆಯಲ್ಲಿ ಹೊಳೆ ಇಳಿದು ಮೀನೆಲ್ಲ ಆಳದ ಮಡುಗಳಿಗೆ ಸೇರಿದಾಗ, ವರ್ಷಕ್ಕೊಂದು ದಿನ ಮೂರೂ ಅಂಗಡಿಗೆ ಬೀಗ ಹಾಕಿ ಬಾಳೆಮೀನಿಗೆ ಹೋಗುತ್ತಿದ್ದೆವು. ಅಗಲ ಬಾಯಿಯ, ಉದ್ದ ಮೀಸೆಯ ಆ ಮೀನು ಎಂಥ ಜಂಬಗಾರ — ಜೀವಂತ ಮರಿಮೀನು ಸಿಕ್ಕಿಸದಿದ್ದರೆ ಗಾಳದ ಕಡೆ ತಿರುಗಿಯೂ ನೋಡದು.

ಯಾವ ಮಡುವಿಗೆ ಹೋಗುವುದು ಎಂದು ಗೊತ್ತುಮಾಡುವ ಮೊದಲು ಒಬ್ಬ ಹೋಗಿ 'ನೀರು ನೋಡಿ' ಬರಬೇಕು. ಹೆಣ್ಣು ನೋಡಿ ಬಂದ ಹಿರಿಯರ ಮಾತಿದ್ದ ಹಾಗೆ — ಅವನು ಬೇಡವೆಂದರೆ ಬೇಡ. ಎರಡನೇ ಸಲ ಕೇಳಿದರೆ ಮೀನು ಗಾಳ ಮುಟ್ಟುವುದಿಲ್ಲ ಎನ್ನುತ್ತಿದ್ದೆ ನೀನು. ಆ ವರ್ಷ ನೀರು ನೋಡುವ ಸರದಿ ನನ್ನದು.

ಅದರ ಹಿಂದಿನ ದೀಪಾವಳಿಗೆ ನಿನಗೆ ಲಕ್ವ ಹೊಡೆದಿತ್ತು. ಅಷ್ಟು ಚೆಂದ ಬಟ್ಟೆ ಕತ್ತರಿಸುತ್ತಿದ್ದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಬಲಗಾಲು ಎಳೆದು ಹಾಕುತ್ತಿದ್ದೆ. ಆದರೂ ಛಲ ನೋಡು ನಿನ್ನದು! ಚಳಿಗಾಲವೆಲ್ಲ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಎಡಗೈಯಿಂದ ದಾರ ಎಸೆಯುವುದನ್ನು ಕಲಿತೆ. ದಾರದ ತುದಿಗೆ ಕಟ್ಟಲು ನಟ್ಟುಗಳನ್ನು ತಂದುಕೊಟ್ಟವನು ನಾನೇ. ಒಂದು ನಟ್ಟು ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿದ್ದು, ಅವರು ಜಗಳಕ್ಕೆ ಬಂದು, ಅತ್ತಿಗೆ ಕೈಮುಗಿದು ಕಳಿಸಿದರು. ಶಿವರಾತ್ರಿ ಹೊತ್ತಿಗೆ ನಟ್ಟು ನೀನಿಟ್ಟ ಬಕೆಟ್ಟಿನೊಳಗೇ ಬೀಳುತ್ತಿತ್ತು.

ಹಬ್ಬದ ದಿನ ಖಾಜಾ ಮತ್ತು ನಾನು ಬಂದಿದ್ದಾಗ ನೀನು ಹೇಳಿದ ಮಾತು — 

"ತಮ್ಮಾ, ಈ ಸಲ ಮೇಡ್ಲೇರಿ ಮಡುವಿಗೇ ಹೋಗೂಣು. ಅಲ್ಲಿ ಹಾಸಗಲ್ಲ ಮ್ಯಾಲೆ ಕುಂತ ಒಗೀಬಹುದು, ಇಳಿಯೂದು ಹತ್ತೂದು ಇಲ್ಲ. ಎಡಗೈಲೆ ಒಂದ ಬಾಳಿಮೀನ ಎಳದ್ನಿ ಅಂದ್ರ, ಎಡಗೈಲೆ ಕತ್ರಿನೂ ಹಿಡೀತೇನಿ. ಅಂಗಡಿ ಬಾಗಲಾ ತಗೀತೇನಿ."

"ಸಿಗಲಿಲ್ಲಂದ್ರ?" ಎಂದ ಖಾಜಾ.

"ಸಿಗಲಿಲ್ಲಂದ್ರ ಮಷೀನ ಮಾರೂದು. ಸುಳ್ಳ ಆಸೆ ಹಚ್ಚಿಕೊಂಡ ಎಷ್ಟ ದಿನಾ ಕುಂದ್ರಲಿಪಾ?"

ಇಷ್ಟನ್ನೂ ಕೇಳಿಸಿಕೊಂಡು ಹೊರಟವನು ನಾನು. ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ.

ಬೈಕಿನಲ್ಲಿ ರಾಣೆಬೆನ್ನೂರಿನವರೆಗೆ ಹೋದೆ. ಖಾಜಾ ಯಾವುದೋ ಹಳ್ಳಿಗೆ ಮೋಟರ್ ಎತ್ತಲು ಹೋಗಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಗಿರ್ಮಿಟ್ ಗಾಡಿಯ ನೆರಳಿನಲ್ಲಿ ಕೂತೆ — ಎರಡು ಮಿರ್ಚಿ ತಿಂದು ಹೊರಡುವುದೆಂದು. ಬಿಸಿಲಿನ ಮೇಲೆ ಹಾಕಬಹುದು ಈ ತಪ್ಪನ್ನು. ಎಷ್ಟೋ ದಿನ ಹಾಗೆಯೇ ಹಾಕಿದೆ. ಆದರೆ ಬಿಸಿಲಲ್ಲ ಅಣ್ಣ, ಹೊಟ್ಟೆಕಿಚ್ಚು.

ಹನ್ನೊಂದು ಬೇಸಿಗೆ! ಹನ್ನೊಂದು ಬೇಸಿಗೆಯಲ್ಲಿ ನನ್ನ ಗಾಳಕ್ಕೆ ಒಂದೇ ಒಂದು ಬಾಳೆ ಬಿದ್ದಿರಲಿಲ್ಲ. ಮೇಡ್ಲೇರಿಗೆ ಹೋದಾಗಲೆಲ್ಲ ನಿನಗೇ. ಬೀಗರು ಬಿಜ್ಜರು ಕೂಡಿದಲ್ಲಿ ನೀನು ನಗುತ್ತಾ ಹೇಳುತ್ತಿದ್ದೆ, "ನಮ್ಮ ಪರಸ್ಯಾ ಮೀನಾ ಹಿಡ್ಯಾಕ ಬರಂಗಿಲ್ರಿ, ಮೀನಿಗಿ ಊಟಾ ಹಾಕಾಕ ಬರ್ತಾನ." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು. ಆ ಗಾಡಿಯ ನೆರಳಿನಲ್ಲಿ ಕೂತಾಗ ಅದೇ ತಲೆಗೆ ಬಂತು — ಈಗ ಎಡಗೈಯಲ್ಲೂ ನೀನೇ ಹಿಡಿದರೆ? ಎರಡು ಕೈಯೂ ನೆಟ್ಟಗಿದ್ದ ನಾನು ಮತ್ತೆ ಬರಿಗೈಯಲ್ಲಿ ಪಕ್ಕದಲ್ಲಿ ನಿಂತರೆ?

ಬೈಕು ತಿರುಗಿಸಿದೆ. ಊರಿಗೆ ಬಂದು ಫೋನು ಮಾಡಿದೆ.

"ಅಣ್ಣಾ, ಮೇಡ್ಲೇರಿ ಸುದ್ದಿ ಬಿಟ್ಟಬಿಡು. ಮೊಣಕಾಲ ಮಟಾ ನೀರ ಐತಿ, ಬರೇ ಪಾಚಿ. ನಾರಾಕತ್ತೈತಿ. ಕರ್ಜಗಿಗೆ ಹೋಗೂಣು."

ಥೂ! ಪಾಚಿಯ ವಾಸನೆಯನ್ನು ಕೂಡ ಹುಟ್ಟಿಸಿಕೊಂಡು ಹೇಳಿದೆ. ನೀನು, "ಆತ ಬಿಡು. ನೀ ನೋಡಿ ಬಂದೀ ಅಂದ ಮ್ಯಾಲೆ ಮುಗೀತು," ಎಂದೆ.

ಕರ್ಜಗಿ ನನ್ನ ಹೆಂಡತಿಯ ಊರು. ವರದಾ ಹೊಳೆಯ ದಂಡೆ ಅಲ್ಲಿ ಎಷ್ಟು ಕಡಿದಾಗಿದೆ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖಾಜಾ ನಿನ್ನನ್ನು ಹೊತ್ತು ಇಳಿಸುತ್ತೇನೆಂದ. ಎರಡು ಹೆಜ್ಜೆಗೇ ಅವನ ಕಾಲು ಜಾರಿತು. "ಬ್ಯಾಡೋ ಮಾರಾಯಾ, ನಿನ್ನ ಸೊಂಟಾನೂ ಮುರೀತೈತಿ," ಎಂದು ನೀನೇ ನಕ್ಕು, ಮೇಲೆ ಬೇವಿನ ಮರದ ಕೆಳಗೆ ಕೂತೆ. ಅಲ್ಲಿಂದ ಮೂರು ಸಲ ದಾರ ಎಸೆದೆ. ಮೂರು ಸಲವೂ ನೀರು ಮುಟ್ಟದೆ ಕೆಸರಿಗೆ ಬಿತ್ತು. ನಾಲ್ಕನೇ ಸಲ ಎಸೆಯಲಿಲ್ಲ.

ನನಗೆ ಅವತ್ತೇ ಬಾಳೆ ಬೀಳಬೇಕೇ! ಹನ್ನೊಂದು ವರ್ಷ ಬೀಳದ್ದು, ತೋಳಿನುದ್ದದ ಮೀನು. ಮೇಲಿನಿಂದ ನೀನು ಎಡಗೈಯಲ್ಲಿ ತೊಡೆ ತಟ್ಟಿ ಕೂಗಿದೆ, "ಭಲೇ ತಮ್ಮಾ! ದಾರಾ ಸಡಲ ಬಿಡು, ಜಗ್ಗಬ್ಯಾಡ, ಜಗ್ಗಬ್ಯಾಡ!" ನೀನು ಹೇಳಿಕೊಟ್ಟ ಹಾಗೆ ಮಾಡಿದ್ದರಿಂದಲೇ ಅದು ದಂಡೆಗೆ ಬಂತು. ಖಾಜಾ ಫೋಟೋ ತೆಗೆದ. ನಾನು ಹಲ್ಲು ಕಿರಿದು ನಿಂತೆ.

ವಾಪಸ್ ಬರುವಾಗ ಬಾಡಿಗೆ ಕಾರಿನಲ್ಲಿ ನೀನು ನಿನ್ನ ಗಾಳ, ದಾರ, ನಟ್ಟುಗಳ ಡಬ್ಬಿ ಎಲ್ಲವನ್ನೂ ನನ್ನ ಚೀಲಕ್ಕೆ ಹಾಕಿದೆ. "ಇವು ಇನ್ನ ನಿನಗ ಇರಲಿ. ಮಡು ಬತ್ತೈತಿ ಅಂದಾಗನ ತಿಳೀಬೇಕಿತ್ತು ನನಗ. ಹೊಳಿನ ನನ್ನ ಒಲ್ಲೆ ಅಂತು." ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ನೀನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಇಷ್ಟೇ ಆಗಿದ್ದರೂ — ಇಲ್ಲ, ಇನ್ನೂ ಇದೆ. ಹೇಳಿಯೇ ಬಿಡುತ್ತೇನೆ.

ಎಂಟು ದಿನದ ಮೇಲೆ ಮೇಡ್ಲೇರಿಯ ರೈತರೊಬ್ಬರು ಬೈಕಿನ ಟ್ಯೂಬಿಗೆಂದು ನನ್ನ ಅಂಗಡಿಗೆ ಬಂದರು. ನಮ್ಮನ್ನು ಮಡುವಿನ ಹತ್ತಿರ ವರ್ಷವೂ ನೋಡಿದವರು. "ಈ ವರ್ಷ ಯಾಕ ಬರಲಿಲ್ರಿ? ಮಡುವು ತುಂಬಿ ನಿಂತೈತಿ. ಬಾಳಿಮೀನ ದನದ್ಹಂಗ ಹೊಳ್ಳಾಡಾಕತ್ಯಾವ," ಎಂದರು. ಅಲ್ಲಿಯವರೆಗೆ ನನಗೊಂದು ಸಮಾಧಾನವಿತ್ತು — ಯಾರಿಗೆ ಗೊತ್ತು, ನಿಜವಾಗಿಯೂ ಬತ್ತಿರಬಹುದು ಎಂದು. ಅದೂ ಹೋಯಿತು.

ನಿನ್ನ ಮಷೀನು ಆಗಿನ್ನೂ ಮಾರಿರಲಿಲ್ಲ, ಹನುಮಂತಣ್ಣ. ಒಂದು ಫೋನು ಸಾಕಿತ್ತು. ಮರುದಿನವೇ ನಿನ್ನನ್ನು ಆ ಹಾಸುಗಲ್ಲಿನ ಮೇಲೆ ಕೂರಿಸಬಹುದಿತ್ತು. ಆದರೆ ನನ್ನ ಫೋಟೋ ಅಂಗಡಿಯ ಗೋಡೆಗೆ ಏರಿಯಾಗಿತ್ತು. ಬಂದವರೆಲ್ಲ "ಎಪ್ಪಾ, ಏನ ಮೀನರಿ ಇದು!" ಎನ್ನುತ್ತಿದ್ದರು. ನಾನು ಫೋನು ಮುಟ್ಟಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಅತ್ತಿಗೆ ತಾವಾಗಿಯೇ ಫೋನು ಮಾಡಿದರು. "ಮಷೀನ ಕೊಟ್ಟಬಿಟ್ರು, ಪರಸಪ್ಪಾ. ಕತ್ರಿನೂ ಕೊಟ್ರು. ಮಾಳಗಿಗೂ ಹತ್ತವಲ್ರು," ಎಂದರು. ಅವರ ಧ್ವನಿ ಈಗಲೂ ಕಿವಿಯಲ್ಲಿದೆ.

ಮೇಡ್ಲೇರಿಗೆ ಹೋಗಿದ್ದರೆ ನಿನಗೆ ಬಾಳೆ ಸಿಗುತ್ತಿತ್ತೋ ಇಲ್ಲವೋ — ನನಗೆ ಗೊತ್ತಿಲ್ಲ. ಸಿಗದೇ ಇರಬಹುದಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅದನ್ನು ನಿನ್ನ ಕೈ ನೋಡಿ ತಿಳಿಯಬೇಕಿತ್ತು. ನನ್ನ ಬಾಯಿ ತೀರ್ಮಾನ ಮಾಡಿತು. ಹೊಳೆ ನಿನ್ನನ್ನು ಒಲ್ಲೆ ಎನ್ನಲಿಲ್ಲ ಅಣ್ಣ. ಒಲ್ಲೆ ಎಂದವನು ನಾನು.

ಮೊನ್ನೆ ಭಾನುವಾರ ಮೇಡ್ಲೇರಿಗೆ ಹೋಗಿದ್ದೆ. ಈ ಸಲ ಎಲ್ಲಿಯೂ ಕೂರಲಿಲ್ಲ. ಹಾಸುಗಲ್ಲು ಹಾಗೆಯೇ ಇದೆ, ವಾಹನ ಅದರ ಪಕ್ಕಕ್ಕೇ ಬರುತ್ತದೆ. ನಿನ್ನ ಡಬ್ಬಿಯ ನಟ್ಟೊಂದನ್ನು ದಾರಕ್ಕೆ ಕಟ್ಟಿ ಬಿಟ್ಟು ನೋಡಿದೆ. ಎರಡು ಆಳು ನೀರಿದೆ. ಅಂಗಡಿಯ ಗೋಡೆಯ ಫೋಟೋ ತೆಗೆದಿದ್ದೇನೆ. ನಿನ್ನ ಗಾಳ, ದಾರ, ಡಬ್ಬಿಯನ್ನು ಈ ಪತ್ರದ ಜೊತೆಯಲ್ಲೇ ಖಾಜಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೂ ಎಲ್ಲವನ್ನೂ ಹೇಳಿದೆ. ಅವನು ಚೀಲವನ್ನು ಬೈಕಿಗೆ ಕಟ್ಟಿಕೊಂಡು ಈ ಪತ್ರಕ್ಕಾಗಿ ಕಾಯುತ್ತಿದ್ದಾನೆ.

ನನ್ನನ್ನು ಬೈಯುವುದಾದರೆ ಬೈಯಿ, ಮನೆಗೆ ಬರಬೇಡ ಎಂದರೆ ಬರುವುದಿಲ್ಲ. ಮೇಡ್ಲೇರಿಗೆ ಹೋಗುವ ಮನಸ್ಸಾದರೆ ನೀನೂ ಖಾಜಾನೂ ಹೋಗಿ ಬನ್ನಿ, ನಾನು ಬರದಿದ್ದರೂ ನಡೆದೀತು. ಒಂದೇ ಮಾತು — ನೀರಿದೆ ಎಂದು ನಾನು ಬರೆದಿದ್ದೇನೆಂದು ಹೊರಡಬೇಡ. ಮೊದಲು ಖಾಜಾನನ್ನು ಕಳಿಸಿ ನೀರು ನೋಡಿಸು.