ಸುಣ್ಣದ ಗೆರೆಯ ಮನೆ

ಸರಕಾರದ ನಿಯಮಗಳನ್ನು ಬೈಯುವವರೇ ಹೆಚ್ಚು. ನಾನು ಮಾತ್ರ ಮನೆ ಕಟ್ಟುವ ನಿಯಮಗಳಿಗೆ ಮನಸ್ಸಿನಲ್ಲೇ ಒಂದು ಕಾಯಿ ಒಡೆದಿದ್ದೇನೆ.

ದುಂಡಸಿಯಲ್ಲಿ ಹೊಸ ಮನೆ ಕಟ್ಟಿಸುತ್ತೇನೆ ಎಂದದ್ದೇ ತಡ, ಬಂಧುಗಳ ಬೇಡಿಕೆ ಶುರುವಾಯಿತು. ಸವಣೂರಿನ ಮಾವನಿಗೆ ಬೀಗರಿಗೊಂದು ಕೋಣೆ ಬೇಕು. ಬರುವ ಬೀಗರು ಅವರೇ. ಹಾನಗಲ್ಲಿನ ಅಕ್ಕನಿಗೆ ಮಹಡಿ ಬೇಕು, ಹಪ್ಪಳ ಒಣಗಿಸಲು. ಬೇಡವೆನ್ನುವ ಧೈರ್ಯ ನನಗೆಲ್ಲಿಯದು? ಅದನ್ನು ಸರಕಾರ ಒದಗಿಸಿತು. ಹೊಲದಲ್ಲಿ ಎನ್‌ಎ ಆಗದೆ, ಅಂದರೆ ಕೃಷಿಯೇತರ ಭೂಮಿಯೆಂದು ದಾಖಲಾಗದೆ, ಕಟ್ಟುವಂತಿಲ್ಲ. ಊರೊಳಗೆ ನನಗಿರುವ ಅಂಗೈಯಗಲದ ಜಾಗದಲ್ಲೂ ಸುತ್ತ ಬಯಲು ಬಿಡಬೇಕು, ರಸ್ತೆಯ ಕಡೆ ಇನ್ನಷ್ಟು. "ನಂದೇನೂ ಇಲ್ರಿ ಮಾಮಾ, ರೂಲ್ಸ್ ಹಂಗ ಅದಾವು" ಎಂದು ದುಃಖದ ದನಿಯಲ್ಲಿ ಹೇಳುವಾಗ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ತೊಡಕು ಬಂದದ್ದು ಅವ್ವನಿಂದ. ಶಿಗ್ಗಾಂವದ ಎಂಜಿನಿಯರು ಖಾಲಿ ಜಾಗದಲ್ಲಿ ಸುಣ್ಣದ ಪುಡಿ ಸುರುವಿ ಇಡೀ ಮನೆಯ ಗೆರೆ ಎಳೆದಿದ್ದರು: ಪಡಸಾಲೆ, ಅಡುಗೆಮನೆ, ದೇವರ ಮನೆ, ಮಲಗಲು ಎರಡು ಕೋಣೆ, ಜೊತೆಗೆ ನಾನು ಹಟ ಹಿಡಿದು ಮುಂಭಾಗದಲ್ಲಿ ಹಾಕಿಸಿದ ಓದುವ ಕೋಣೆ. ನಿವೃತ್ತ ಮಾಸ್ತರನಿಗೆ ಅಷ್ಟಾದರೂ ಬೇಡವೇ? ಅವ್ವ ಬಾಗಿಲೆಂದು ಬಿಟ್ಟ ಸಂದಿಯಿಂದಲೇ ಒಳಹೊಕ್ಕು, ಸುತ್ತಾಡಿ, ಹೊರಬಂದು ಕೇಳಿದಳು: "ಕಟ್ಟಿ ಎಲ್ಲೈತಿ?"

"ರಸ್ತೆ ಕಡೆ ಬಿಟ್ಟ ಜಾಗದಾಗ ಏನೂ ಕಟ್ಟಾಕ ಬರಂಗಿಲ್ರಿ ಅವ್ವಾರ" ಎಂದರು ಎಂಜಿನಿಯರು.

"ಕಟ್ಟಿ ಇಲ್ಲದ ಮನಿಗೆ ಯಾರು ಬರ್ತಾರ? ಒಳಗ ಬರ್ರಿ ಅಂದ್ರ ಬರಂಗಿಲ್ಲ, ಕಟ್ಟಿ ಮ್ಯಾಲ ಕುಂತ್ರ ಏಳಂಗಿಲ್ಲ. ಅದಿಲ್ದ ನಾನೂ ಈ ಮನಿಗೆ ಬರಂಗಿಲ್ಲ, ನೋಡು."

ಅವ್ವನ ಮಾತಿನಲ್ಲಿ ಹುರುಳಿತ್ತು. ನಮ್ಮ ಕಡೆ ಅರ್ಧ ಸಂಸಾರ ನಡೆಯುವುದೇ ಮನೆಯ ಮುಂದಿನ ಕಟ್ಟೆಯ ಮೇಲೆ. ಮೆಂತ್ಯೆ ಸೊಪ್ಪು ಬಿಡಿಸುವುದು ಅಲ್ಲಿ, ಮುನಿದ ಅಳಿಯ ಕೂರುವುದೂ ಅಲ್ಲೇ. ಹಿಂದಿನವರು ವಾಸ್ತುವಿನ ಆಯ ನೋಡಿ ಮನೆಯ ಉದ್ದಗಲ ನಿಶ್ಚಯಿಸುತ್ತಿದ್ದರಂತೆ. ಹರಟೆಗೆ ಎಷ್ಟು ಅಗಲ ಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು.

ಅಷ್ಟರಲ್ಲಿ ಪಕ್ಕದ ಮನೆಯ ಖೈರೂನಬಿ, ಅವ್ವನ ಗೆಳತಿ, ಬಂದಳು. ಬಂದವಳು ಸುಣ್ಣದ ಗೆರೆಯ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತಳು. "ಒಳಗ ಬರ್ರಿ" ಎಂದಳು ನನ್ನ ಹೆಂಡತಿ. "ಬ್ಯಾಡವಾ, ಒಲಿ ಮ್ಯಾಲ ಸಾರೈತಿ." ಗೋಡೆಯೇ ಇಲ್ಲದ ಮನೆಯ ಒಳಗೂ ಅವಳು ಬರಲಿಲ್ಲ. ನಿಂತೇ ಎರಡು ಮಾತಾಡಿ ಹೊರಟಳು. ಅವ್ವನ ಮುಖ ಸಣ್ಣಗಾಯಿತು, ನನಗೆ ಸಂಕಟವಾಯಿತು.

"ಮುಂದಿನ ಗೋಡೆಯನ್ನೇ ಒಳಗೆ ಸರಿಸಿದರೆ?" ಎಂದೆ.

"ಕಟ್ಟಿ ರೂಲ್ಸಿನ ಹದ್ದಿನೊಳಗ ಕುಂಡರ್ತೈತ್ರಿ ಸರ. ಆದ್ರ ಒಂದು ಖೋಲಿ ಹೋಗ್ತೈತಿ."

ಎಲ್ಲರೂ ನನ್ನತ್ತ ನೋಡಿದರು. ನಾನು ನಿಟ್ಟುಸಿರು ಬಿಟ್ಟು, ಓದುವ ಕೋಣೆಯ ಗೆರೆಗಳನ್ನು ಕಾಲಿನಿಂದ ಅಳಿಸಿದೆ.

"ಏ ಖೈರೂ, ಹೊಳ್ಳಿ ಬಾ! ಕಟ್ಟಿ ಆತು!" ಅವ್ವ ಕೂಗಿದಳು. ಖೈರೂನಬಿ ಬಂದು ಬರಿ ನೆಲದ ಮೇಲೆ ಕೂತಳು. ಆಮೇಲೆ ಏಳಲಿಲ್ಲ, ಸಾರಿನ ಗತಿ ಏನಾಯಿತೋ ಕೇಳಬೇಡಿ.

ತಾಯಿಗಾಗಿ ಮಗ ದೊಡ್ಡ ತ್ಯಾಗ ಮಾಡಿದ ಎಂದು ಊರು ಈಗ ಮಾತಾಡುತ್ತಿದೆ. ನಾನೂ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಕೋಣೆ ಕಟ್ಟಿಸಿದ್ದರೆ ಅದರಲ್ಲಿ ಕುಳಿತು ಓದಲೇಬೇಕಾಗುತ್ತಿತ್ತು ಎಂಬ ಭಯ ನನಗೊಬ್ಬನಿಗೇ ಗೊತ್ತಿತ್ತು.