ಕುಂಬಿಯ ಮೇಲಿನ ಕೌದಿ

“ಮೆತ್ತನ್ನ ಗಾದಿ ಒಂದ್ ಕೈಯಾಗ, ಉಸುಕಿನ ನಡುಗಡ್ಡಿ ಒಂದ್ ಕೈಯಾಗ. ಎರಡೂ ತಕ್ಕಡಿ ಸಮಾ ಹಿಡಿಯಾಂವ ಈ ಕೃಷ್ಣಾ ದಂಡಿಗೆ ನಾ ಒಬ್ಬನ. ನನ್ನ ಕೈಯಾಗ ಬಂದ ಸಾಹೇಬರದು ಹೊಳಿ ಇವತ್ತಿನ ತನಾ ಒಂದ್ ಕಾಲ್ಮರಿ, ಒಂದ್ ಚಪ್ಪಲಿ ಸೈತ ಕಸಗೊಂಡಿಲ್ಲ.”

ಹಾಜಿಮಲಂಗ ಹೀಗೆ ಹೇಳದ ದಿನವೇ ಇರಲಿಲ್ಲ. ಕೇಳಲು ಮನುಷ್ಯರು ಸಿಗದಿದ್ದರೆ ಬಚ್ಚಲೊಲೆಯ ಮುಂದೆ ಕುಳಿತು ಹಂಡೆಗೇ ಹೇಳುತ್ತಿದ್ದ. ಅವನ ಮಾತಿನ ಬಿಸಿಗೇ ನೀರು ಕಾಯುತ್ತದೆ, ಕಟ್ಟಿಗೆ ಸುಮ್ಮನೆ ದಂಡ ಎಂದು ಹೆಂಡತಿ ಸೈದಾಬಿ ನಗುತ್ತಿದ್ದಳು.

ಕೊಲ್ಹಾರದ ಹೊಳೆ ದಂಡೆಯ ಬಂಗ್ಲೆಗೆ ಅವನೇ ಅಡಿಗೆಯವ, ಅವನೇ ಕಾವಲುಗಾರ, ಅವನೇ ಅಗಸ. ಆಗ ಹೊಳೆಗೆ ಸೇತುವೆ ಇರಲಿಲ್ಲ. ವಿಜಾಪುರದ ಕಡೆಯಿಂದ ಬಂದ ಮೋಟಾರು ದಂಡೆಗೆ ಬಂದು ಉಸಿರು ಬಿಟ್ಟು ನಿಂತುಬಿಡುತ್ತಿತ್ತು; ಮುಂದಿನದು ಹರಿಗೋಲಿನ ಪಾಲು. ದೊಡ್ಡ ಮನುಷ್ಯರು ಮಾತ್ರ ಬಂಗ್ಲೆಯಲ್ಲಿ ಇಳಿಯುತ್ತಿದ್ದರು. ಅಲ್ಲಿನ ಸ್ಪ್ರಿಂಗಿನ ಮಂಚ ಬಿಳಿಯರ ಕಾಲದ್ದು. ಮುದ್ದೇಬಿಹಾಳದ ದಪ್ಪ ವಕೀಲರೊಬ್ಬರು ಅದರ ಮೇಲೆ ಧೊಪ್ಪನೆ ಕುಳಿತದ್ದೇ ತಡ, ಎರಡು ಸಲ ತೊಲೆಗೆ ತಲೆ ತಾಗಿಸಿಕೊಂಡು, ಮೂರನೆಯ ಸಲಕ್ಕೆ ಸೊಳ್ಳೆ ಪರದೆಯಲ್ಲಿ ಸಿಕ್ಕಿ, ಬೆಳಗಿನವರೆಗೂ ಅಲ್ಲೇ ತೂಗಾಡುತ್ತ ಗೊರಕೆ ಹೊಡೆದರಂತೆ. ಊಟದ ಮೊಸರು ಅಂಬಿಗ ಧರೆಪ್ಪನ ಹೆಂಡತಿ ಯಲ್ಲವ್ವನದು. ಗಡಿಗೆ ಕೈಜಾರಿ ಒಡೆದರೆ ಚೂರುಗಳು ಮಾತ್ರ ಕೆಳಗೆ ಬೀಳುತ್ತಿದ್ದವು. ಮೊಸರು ಗಡಿಗೆಯ ಆಕಾರದಲ್ಲೇ ನಿಂತಿರುತ್ತಿತ್ತು.

ಇಷ್ಟೆಲ್ಲ ಇದ್ದೂ ಬಂಗ್ಲೆಗೆ ಒಳ್ಳೆಯ ಬಿಳಿ ಚಾದರ ಎಂಬುದು ಒಂದೇ ಒಂದು ಉಳಿದಿತ್ತು. ಹಾಜಿಮಲಂಗ ಅದಕ್ಕೆ ಗಂಜಿ ಹಾಕಿ ಇಸ್ತ್ರಿ ತೀಡಿದನೆಂದರೆ ಚಾದರ ತಾನೇ ಎದ್ದು ನಿಂತು ಸಾಹೇಬರಿಗೆ ಸಲಾಮು ಹೊಡೆಯುವಂತಿರುತ್ತಿತ್ತು. ಅದು ಹಾಸಿದರೆ ಗಾದಿಯ ಕಲೆಗಳೂ ಮುಚ್ಚುತ್ತಿದ್ದವು, ಅವನ ಮರ್ಯಾದೆಯೂ ಮುಚ್ಚಿಕೊಂಡಿರುತ್ತಿತ್ತು.

ಆ ಚಾದರಕ್ಕೆ ಇನ್ನೊಂದು ಕೆಲಸವಿತ್ತು.

ಬಂಗ್ಲೆಯ ಎದುರಿಗೆ ಹೊಳೆಯ ನಡುವೆ ಒಂದು ನಡುಗಡ್ಡೆ. ಒಂದು ಬೇವಿನ ಮರ, ಒಂದು ದಿಬ್ಬ, ಉಳಿದದ್ದೆಲ್ಲ ಉಸುಕು. ಬೇಸಿಗೆಯಲ್ಲಿ ಕಲ್ಲಂಗಡಿ ಬೆಳೆಯುವವರು ಬಿಟ್ಟರೆ ಅತ್ತ ಯಾರೂ ಹಾಯುತ್ತಿರಲಿಲ್ಲ. ಎರಡು ದಿನ ಗಾದಿಯ ಮೇಲೆ ಹೊರಳಿ ಮೈ ಜಡ್ಡುಗಟ್ಟಿದ ಸಾಹೇಬರನ್ನು ಒಂದು ದಿನ ಅಲ್ಲಿಗೆ ಸಾಗಿಸುವುದು ಹಾಜಿಮಲಂಗನ ಹುನ್ನಾರ. ಉಸುಕಿನಲ್ಲಿ ಮಲಗಿ, ರೊಟ್ಟಿ ಹಿಂಡಿ ತಿಂದು, ಮೊಸಳೆ ನೋಡಿದೆ ಎಂದು ನಂಬಿ ಅವರು ತಿರುಗಿ ಬಂದರೆ ಬಿಸಿ ನೀರು, ಕೋಳಿ ಸಾರು, ಗಾದಿ. ಹಾಜಿಮಲಂಗ ಸ್ವತಃ ನಡುಗಡ್ಡೆಗೆ ಕಾಲಿಟ್ಟವನಲ್ಲ; ಹಂಡೆಗಿಂತ ಆಳವಾದ ನೀರು ಅವನಿಗೆ ಆಗುತ್ತಿರಲಿಲ್ಲ. ಕರೆದೊಯ್ಯುವವನು, ಕರೆತರುವವನು ಧರೆಪ್ಪ.

ಸಾಹೇಬರಿಗೆ ನಡುಗಡ್ಡೆಯ ಆಚೆ ಬದಿಯೇ ಬೇಕು. ಈಚೆ ಕುಳಿತರೆ ಬಂಗ್ಲೆ ಕಾಣುತ್ತದೆ. ಬಂಗ್ಲೆ ಕಂಡರೆ ಧೈರ್ಯ ಮಾಡಿದಂತಾಗುವುದಿಲ್ಲ. ಅಲ್ಲಿಂದ ಈಚೆಯ ಆಳದ ಮಡು ಕಾಣದು. ದಿಬ್ಬ ಹತ್ತಿದರೂ ಎತ್ತರದ ಆಪಿನ ಹುಲ್ಲಿನ ಮೇಲೆ ಬಂಗ್ಲೆಯ ಮಾಳಿಗೆ ಮಾತ್ರ. ಆದ್ದರಿಂದ ಹಾಜಿಮಲಂಗನೂ ಧರೆಪ್ಪನೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ನೀರು ಕಾದರೆ, ಇಲ್ಲವೆ ಹೊಳೆಯಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ, ಹಾಜಿಮಲಂಗ ಮಾಳಿಗೆಯ ಅಂಚಿನ ಗಿಡ್ಡ ಗೋಡೆಗೆ, ಕುಂಬಿಗೆ, ಬಿಳಿ ಚಾದರ ಇಳಿಬಿಡಬೇಕು.

“ಬಿಳೀದು ಕಂಡ್ರ ಯಾವ ಕೆಲಸ ಇದ್ರೂ ಬಿಟ್ಟ ಬರ್ತೇನಿ, ಹಾಜಣ್ಣ,” ಎಂದಿದ್ದ ಧರೆಪ್ಪ. “ಕಾಣಲಿಲ್ಲಂದ್ರ ಸಾಹೇಬನ್ನ ಎಬ್ಬಸೂದಿಲ್ಲ. ಎಬ್ಬಿಸಿದ್ರ ಬೈತಾರ ಅವರು.”

ನಮ್ಮ ಸೀಮೆ ಮೈಸೂರಿಗೆ ಕೂಡಿದ ಮೇಲೆ ಬಂದ ಎರಡನೆಯ ಮಿರಗ, ಮೃಗಶಿರಾ ಮಳೆಯ ಹೊತ್ತು, ಅದು. ಇಂಡಿ ಊರಿನ ನಿಂಬೆ ತೋಟದ ಸಾಹುಕಾರ ರಾವಸಾಬ ಪ್ರತಿ ವರ್ಷದಂತೆ ಒಂದು ಚೀಲ ನಿಂಬೆಹಣ್ಣು ಹೊತ್ತುಕೊಂಡು ಬಂದ. ಎರಡು ದಿನ ಗಾದಿಯನ್ನು ತಗ್ಗು ಬೀಳಿಸಿದ. ಮೂರನೆಯ ದಿನ ನಸುಕಿನಲ್ಲೇ ಧರೆಪ್ಪನ ಹರಿಗೋಲಿನಲ್ಲಿ ನಡುಗಡ್ಡೆಗೆ ಹೊರಟ. ಮಳೆ ಹಿಡಿಯುವ ಮುಂಚಿನ ಕಡೆಯ ಪ್ರಯಾಣ ಅದು. ಮುಗಿಲು ತೊಳೆದ ಪರಾತದಂತೆ ಸ್ವಚ್ಛವಾಗಿತ್ತು.

ಅವರು ಅತ್ತ ಹೋದ ಮೇಲೆ ಇತ್ತ ಬಾಗೇವಾಡಿಯಿಂದ ಸುದ್ದಿ ಬಂತು. ಸೇತುವೆಯ ಜಾಗ ನೋಡಲು ಮೈಸೂರಿನ ಕಡೆಯ ಒಬ್ಬ ದೊಡ್ಡ ಇಂಜಿನಿಯರ ಸಾಹೇಬರು ಮಧ್ಯಾಹ್ನ ಬಂಗ್ಲೆಗೆ ಇಳಿಯುತ್ತಾರೆ. ಹಾಜಿಮಲಂಗ ಚಾದರ ಒಗೆದು, ಗಂಜಿ ಹಾಕಿ, ಇಸ್ತ್ರಿಯ ಪೆಟ್ಟಿಗೆಗೆ ಕೆಂಡ ತುಂಬಿ ತೀಡಿದ. ಗಾದಿಗೆ ಹಾಸಿ, ನಾಲ್ಕು ಮೂಲೆ ಎಳೆದು ಸಿಗಿಸಿ, ದೂರ ನಿಂತು ನೋಡಿದ. ಮಂಚದ ಮೇಲೆ ಸುಣ್ಣದ ಕಲ್ಲು ಇಟ್ಟಂತಿತ್ತು.

ಕೊಡ ತುಂಬಿಕೊಂಡು ಬಂದ ಸೈದಾಬಿ ಅದನ್ನು ಅವನ ಮುಂದೆ ಬಗ್ಗಿಸಿ ತೋರಿಸಿದಳು. ನೀರು ಕೆಂಪಗಿತ್ತು.

“ಹೊಸ ನೀರು ಬಂದೈತ್ರಿ. ಘಟ್ಟದ ಮ್ಯಾಲ ಮಳಿ ಆಗೇತಿ. ಧರೆಪ್ಪಣ್ಣಗ ಬಿಳೀದು ಹಾಕ್ರಿ.”

“ಈಗ ಹಾಸೇನಿ ನೋಡು,” ಎಂದ ಹಾಜಿಮಲಂಗ. “ಗಾಳ್ಯಾಗ ಹಾಕಿದ್ರ ಸುಕ್ಕಾಗತೈತಿ.”

“ಸುಕ್ಕಾಗಲಿ.”

“ಸಾಹೇಬ ಬಂದ ನಿಂತ್ರ ಬರೇ ಗಾದಿ ತೋರಸಲೇನ? ವಕೀಲರ ಎಣ್ಣಿ ಕಲಿ ಎಲ್ಲಾ ಹಂಗ ಐತಿ ಅದರಾಗ.”

ಅವನು ನಿಂತಲ್ಲೇ ತೂಗಿ ನೋಡಿದ. ನೀರು ಬಣ್ಣ ತಿರುಗಿದೆ, ಏರಿಲ್ಲ. ಇನ್ನೂ ಹೊತ್ತಿದೆ. ಕರೆಯುವುದಂತೂ ಕರೆಯಬೇಕು; ಆದರೆ ಚಾದರದಿಂದಲೇ ಕರೆಯಬೇಕೆಂದು ಯಾವ ದೇವರು ಹೇಳಿದ್ದಾನೆ? ಮನೆಯಲ್ಲಿ ಸೈದಾಬಿಯ ತವರಿನ ಕೌದಿ ಇತ್ತು. ಕೆಂಪು, ಹಳದಿ, ಹಸಿರು ತುಂಡುಗಳ ಕೌದಿ; ಬಿಚ್ಚಿದರೆ ಮಸೂತಿ ಊರಿನ ಹೊಲಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋಗುವಷ್ಟು ಅಗಲ. ಅವನು ಅದನ್ನು ಮಾಳಿಗೆಗೆ ಹೊತ್ತು ಕುಂಬಿಗೆ ಇಳಿಬಿಟ್ಟ.

“ಬಾಗಲಕೋಟಿಗೂ ಕಾಣತೈತಿ ಇದು,” ಎಂದು ಹೇಳಿಕೊಂಡ. ಎರಡೂ ತಕ್ಕಡಿ ಸಮವಾಗಿದ್ದವು.

ಅವನ ಕಣ್ಣಿಗೆ ಬೀಳದಿದ್ದದ್ದು ಒಂದೇ. ಮಿರಗ ಕೂಡಿತೆಂದರೆ ಆ ಕಡೆಯ ಹೆಣ್ಣುಮಕ್ಕಳೆಲ್ಲ ಮಳೆ ಹಿಡಿಯುವ ಮುಂಚೆ ಕೌದಿ ಒಗೆದು ಒಣಹಾಕುತ್ತಾರೆ. ಆ ವಾರ ಕೊಲ್ಹಾರದಲ್ಲಿ ಕೌದಿ ಇಲ್ಲದ ಕುಂಬಿಯೇ ಇರಲಿಲ್ಲ. ನಡುಗಡ್ಡೆಯ ದಿಬ್ಬ ಹತ್ತಿ ನೋಡಿದ ಧರೆಪ್ಪನಿಗೆ ಬಂಗ್ಲೆಯ ಮೇಲೆ ಕಂಡದ್ದು ಸೈದಾಬಿಯ ಒಗೆತ. “ಸೈದವ್ವನೂ ಕೌದಿ ಒಗದ್ಲು ನೋಡ್ರಿ ಸಾಹುಕಾರ. ಇನ್ನ ಮಳಿ ಬರಾಕ ಅಡ್ಡಿಲ್ಲ,” ಎಂದು ನಕ್ಕು, ಮತ್ತೆ ಇಳಿದುಹೋಗಿ ಒಲೆ ಊದತೊಡಗಿದನಂತೆ. ಇದನ್ನು ಆಮೇಲೆ ಹೇಳಿದವನು ರಾವಸಾಬ.

ಹೊತ್ತು ಏರಿತು. ಇಂಜಿನಿಯರರ ಗಾಡಿಯ ಸುಳಿವಿಲ್ಲ. ಹೊಳೆಯಲ್ಲಿ ಮೊದಲು ನೊರೆ ಬಂತು, ಆಮೇಲೆ ಜಾಲಿಯ ಟೊಂಗೆ, ಆಮೇಲೆ ಬೇರು ಸಮೇತ ಒಂದು ಮರ. ಹಾಜಿಮಲಂಗ ಬಾಗಿಲಿಗೂ ಮಾಳಿಗೆಗೂ ಓಡಾಡಿದ. ಕೂಗಿದ, ಗಾಳಿ ಕೂಗನ್ನು ತಿರುಗಿಸಿ ಅವನ ಬಾಯಿಗೇ ತುರುಕಿತು. ಮಡುವಿನ ನೀರು ಬಂಗ್ಲೆಯ ಕೆಳಗಿನ ಮೆಟ್ಟಿಲು ನುಂಗಿದಾಗ ಅವನು ಒಳಗೆ ನುಗ್ಗಿ, ಇಸ್ತ್ರಿಯ ಗೆರೆ ಇನ್ನೂ ಮುರಿಯದ ಚಾದರವನ್ನು ಗಾದಿಯಿಂದ ಕಿತ್ತು, ಮಾಳಿಗೆಗೆ ಓಡಿ, ಕೌದಿಯನ್ನು ಅತ್ತ ನೂಕಿ ಬಿಳಿಯದನ್ನು ಇಳಿಬಿಟ್ಟ.

ಅಷ್ಟು ಹೊತ್ತಿಗೆ ನಡುಗಡ್ಡೆಯ ಸುತ್ತ ಹೊಳೆ ತುಂಬಿ ಹರಿಯುತ್ತಿತ್ತು. ರಾವಸಾಬನೂ ಧರೆಪ್ಪನೂ ಹರಿಗೋಲನ್ನು ಹೊತ್ತುಕೊಂಡು ದಿಬ್ಬ ಏರಿದ್ದರು. ದಿಬ್ಬ ಆ ವರ್ಷ ಮುಳುಗಲಿಲ್ಲ. ಅಲ್ಲೇ ಕುಳಿತಿದ್ದರೆ ಇಬ್ಬರೂ ಉಪವಾಸ ಬಿದ್ದು, ನಡುಗಿ, ಇಳಿದ ನೀರಿನಲ್ಲಿ ಮನೆಗೆ ಬರುತ್ತಿದ್ದರು. ಆದರೆ ಧರೆಪ್ಪನಿಗೆ ಬಿಳಿಯದು ಕಂಡಿತು. ಹಾಜಣ್ಣನ ಕಣ್ಣಿಗೆ ಇಡೀ ಮಡು ಬೀಳುತ್ತದೆ; ಕರೆಯುತ್ತಿದ್ದಾನೆಂದರೆ ಈಗಲೇ ಹಾಯಬೇಕು, ತಡಮಾಡಿದರೆ ದಿಬ್ಬವೂ ಹೋಗುತ್ತದೆ ಎಂದು ರಾವಸಾಬನಿಗೆ ಹೇಳಿ ಹರಿಗೋಲು ಇಳಿಸಿದ. ಕೊಟ್ಟ ಮಾತಿನಂತೆ ಹೊರಟ.

ಹುಲ್ಲಿನ ಮರೆಯಿಂದ ಹರಿಗೋಲು ಹೊರಬಂದದ್ದನ್ನು ಕಂಡಾಗಲೇ ಹಾಜಿಮಲಂಗನಿಗೆ ಇದು ಹಾಯುವ ನೀರಲ್ಲ ಎಂದು ತಿಳಿಯಿತು. ಚಾದರವನ್ನು ಸರಸರನೆ ಮೇಲಕ್ಕೆ ಎಳೆದುಕೊಂಡ. ಬರಬೇಡ ಎನ್ನಲು ಅವರಿಬ್ಬರ ನಡುವೆ ಗುರುತು ಇರಲಿಲ್ಲ. ಅಂಥದ್ದೊಂದು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ಮಡುವಿನ ನಡುವೆ ಹರಿಗೋಲು ಬುಗುರಿಯಂತೆ ತಿರುಗಿತು. ಮೇಲಿನಿಂದ ಬಂದ ಮರ ಅದಕ್ಕೆ ಬಡಿಯಿತು. ಮಗುಚಿದ ಹರಿಗೋಲಿನ ಬೆನ್ನಿಗೆ ರಾವಸಾಬ ಕಪ್ಪೆಯಂತೆ ಅಂಟಿಕೊಂಡು ಕೆಳದಂಡೆಯ ಕೆಸರಿಗೆ ಹೋಗಿ ಬಿದ್ದ. ಧರೆಪ್ಪ ಮತ್ತೆ ತಲೆ ಎತ್ತಲಿಲ್ಲ.

ರಾವಸಾಬ ಬಂಗ್ಲೆಗೆ ಬಂದಾಗ ಅವನ ಒಂದು ಕಾಲಲ್ಲಿ ಮಾತ್ರ ಬೂಟಿತ್ತು. ಕಾಲ್ಮರಿಯ ಲೆಕ್ಕವನ್ನೂ ಹೊಳೆ ಅವತ್ತೇ ಚುಕ್ತಾ ಮಾಡಿತ್ತು. ಇಂಜಿನಿಯರ ಸಾಹೇಬರ ಗಾಡಿ ದಾರಿಯಲ್ಲಿ ಕೆಟ್ಟು, ಅವರು ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಧರೆಪ್ಪ ಕೆಳಗಿನ ಜಾಲಿ ಕಂಟಿಯಲ್ಲಿ ಸಿಕ್ಕ. ದಂಡೆಯಲ್ಲಿ ಅವನನ್ನು ಮಲಗಿಸಿದ್ದಾಗ ಯಲ್ಲವ್ವ ಅಳಲಿಲ್ಲ. ಕುಂಬಿಯ ಕಡೆ ನೋಡಿ, ಹಾಜಿಮಲಂಗನ ಕಡೆ ನೋಡಿ ಕೇಳಿದಳು:

“ಮೊದಲ ಯಾಕ ಬಿಳೀದು ಹಾಕಲಿಲ್ಲಣ್ಣ?”

ಊರಿಗೆಲ್ಲ ಮಾತು ಮಾರುತ್ತಿದ್ದವನು ಎರಡೇ ಮಾತು ಹೇಳಿದ:

“ಇಸ್ತ್ರಿ ಮಾಡಿದ್ನೆವ್ವ.”

ಅವಳು ಬಯ್ಯಲಿಲ್ಲ. “ಮೈ ಮ್ಯಾಲ ಹಾಕಾಕ ಏನರೆ ತಾ,” ಎಂದಳು ಅಷ್ಟೆ. ಅವನು ಹೋಗಿ ಚಾದರ ತಂದು, ನಾಲ್ಕು ಮೂಲೆ ಎಳೆದು, ಒಂದೂ ಸುಕ್ಕು ಬರದಂತೆ ಧರೆಪ್ಪನಿಗೆ ಹೊದಿಸಿದ. ಅದರೊಡನೆಯೇ ಮಣ್ಣು ಮಾಡಿದರು.

ಅಂದಿನಿಂದ ಹಾಜಿಮಲಂಗನ ಹಂಡೆಯ ನೀರು ಬರೀ ಕಟ್ಟಿಗೆಯಿಂದಲೇ ಕಾಯತೊಡಗಿತು. ಯಲ್ಲವ್ವ ಮೊಸರು ತರುವುದನ್ನು ನಿಲ್ಲಿಸಲಿಲ್ಲ; ಗಡಿಗೆಯನ್ನು ಬಾಗಿಲಲ್ಲಿಟ್ಟು, ಒಳಗೆ ಬಾರದೆ ಹೋಗುತ್ತಿದ್ದಳು.

ಮರುವರ್ಷ ರಾವಸಾಬ ಮತ್ತೆ ಬಂದ. ನಿಂಬೆಹಣ್ಣಿನ ಚೀಲ ಇಳಿಸಿ, ಕೋಣೆಗೆ ಹೋಗಿ, ಗಾದಿಯ ಮೇಲೆ ಹಾಸಿದ್ದ ಹಳೆಯ ಕೌದಿಯನ್ನು ಬೆರಳ ತುದಿಯಿಂದ ಎತ್ತಿ ನೋಡಿದ.

“ಏನೋ ಮಲಂಗ, ಬಂಗ್ಲೇದಾಗ ಕೌದಿ ಹಾಸೂದು ಯಾವಾಗಿಂದ ಸುರು ಮಾಡಿದಿ? ಆ ಬಿಳಿ ಚಾದರ ಎಲ್ಲೈತಿ?”

ಹಾಜಿಮಲಂಗ ಲೋಡು ಸರಿಮಾಡುತ್ತಿದ್ದ.

“ಹೋದ ಸಲ ನಂದು ಒಂದ್ ಬೂಟ ಹ್ವಾತು ನೋಡು. ಚಲೋ ಬೂಟ. ಇರ್ಲಿ. ಎರಡ ದಿನ ಇಲ್ಲಿ ಮಲಗಿ, ನಾಡದು ನಡುಗಡ್ಡಿಗಿ ಹೋಗಿ ಬರೂಣಂತ. ಯಾರರೆ ಒಬ್ಬ ಅಂಬಿಗನ್ನ ಕರಿ. ಚಾದರನೂ ತಗದ ಹಾಸು. ಎರಡೂ ಸಮಾ ಹಿಡಿಯಾಂವ ಅಲ್ಲೇನ ನೀ?”

ಹಾಜಿಮಲಂಗ ಕೌದಿಯ ಮೂಲೆಯನ್ನು ಅವನ ಬೆರಳಿನಿಂದ ಬಿಡಿಸಿಕೊಂಡು ಗಾದಿಗೆ ಸಿಗಿಸಿದ.

“ಚಾದರ ಧರೆಪ್ಪ ಹೊದ್ದ ಮಲಗ್ಯಾನ್ರಿ ಸಾಹುಕಾರ. ಅಂಬಿಗಾನೂ ಅಂವನ, ಚಾದರಾನೂ ಅಲ್ಲೇ ಐತಿ. ಎರಡೂ ಬೇಕಾದ್ರ ನೀವ ಹೋಗಿ ಎಬ್ಬಿಸ್ಕೊಂಡ ಬರ್ರಿ. ನಾ ಮಾತ್ರ ಕರಿಯಂಗಿಲ್ಲ; ನಾ ಕರದ್ರ ಅಂವಾ ನಿಜಾನ ಎದ್ದ ಬಂದಬಿಡ್ತಾನ.”