ಬಾಂಬು ಹಾಕದೆ ಮರಳಿದ ವಿಮಾನ

ಅರೆಕೆರೆಯ ಸಂಜೀವಯ್ಯನವರು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವರು. ಈಗ ವಯಸ್ಸು ಎಪ್ಪತ್ತಾರು. ತಲಘಟ್ಟಪುರದಾಚೆಯ ಒಂದು ಎಂಜಿನಿಯರಿಂಗ್ ಕಾಲೇಜು ಹಳೆಯ ಕ್ಯಾನ್‌ಬೆರಾ ಬಾಂಬರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಫೋಟೊದಲ್ಲಿ ಬಾಲದ ನಂಬರು ಕಂಡೊಡನೆ ಅವರಿಗೆ ಗುರುತು ಸಿಕ್ಕಿತು. ಎಪ್ಪತ್ತೊಂದರ ಯುದ್ಧದಲ್ಲಿ ತಾವೇ ನೋಡಿಕೊಂಡಿದ್ದ ವಿಮಾನ.

ಮರುದಿನವೇ ಎರಡು ಬಸ್ಸು ಬದಲಿಸಿ ಹೋದರು. ಅಲ್ಲಿನ ಲೆಕ್ಚರರ್ ಅರ್ಪಿತ ಖುಷಿಯಿಂದ, "ಇದರ ಹಿಸ್ಟರಿ ನೀವೇ ಬರ್ಕೊಡಿ ಸಾರ್. ಬೋರ್ಡಿಗೆ ಹತ್ತು ಲೈನ್ ಸಾಕು" ಎಂದಳು.

ಸಂಜೀವಯ್ಯನವರು ಬರೆದದ್ದು ನಾಲ್ಕು ಪುಟ. ಯುದ್ಧದಲ್ಲಿ ಅದು ಹನ್ನೊಂದು ಸಲ ಹಾರಿದ್ದು, ಒಮ್ಮೆ ರೆಕ್ಕೆಗೆ ಗುಂಡು ತಾಗಿಸಿಕೊಂಡು ಬಂದದ್ದು, ಆಮೇಲೆ ಬಾಂಬಿನ ಬದಲು ಕ್ಯಾಮೆರಾ ಹೊತ್ತು ನದಿ ಬೆಟ್ಟಗಳ ಫೋಟೊ ತೆಗೆದದ್ದು, ಎಲ್ಲವೂ ಇತ್ತು. ಜೊತೆಗೆ ಡಿಸೆಂಬರಿನ ಒಂದು ಮುಂಜಾನೆಯ ಸಂಗತಿಯೂ ಇತ್ತು.

ಅಂದು ವಿಮಾನ ಬಾಂಬುಗಳ ಸಮೇತ ವಾಪಸಾಗಿತ್ತು. ಹಾಗೆ ಇಳಿಯುವುದು ಅಪಾಯ. ರನ್‌ವೇ ಪಕ್ಕ ನಿಂತವರನ್ನೆಲ್ಲ ದೂರ ಕಳಿಸಿದ್ದರು. ವಿಮಾನ ನಿಂತ ಮೇಲೆ ಬಾಂಬಿನ ಕೆಲಸದವನು ಕೆಳಗೆ ನುಸುಳಿ ಒಂದೊಂದು ಬಾಂಬಿಗೂ ಸಿಡಿಯದಂತೆ ಪಿನ್ನು ಸಿಕ್ಕಿಸುವಾಗ ಟಾರ್ಚು ಹಿಡಿದವರು ಸಂಜೀವಯ್ಯ. ಬಾಂಬುಗಳು ಅವರ ಮುಖದಿಂದ ಮೊಳದಷ್ಟು ದೂರದಲ್ಲಿದ್ದವು. ಮೋಡದಡಿ ಇರುವುದು ರೈಲ್ವೆ ಯಾರ್ಡೋ ಊರೋ ತಿಳಿಯಲಿಲ್ಲ, ಅದಕ್ಕೇ ಹಾಕಲಿಲ್ಲ ಎಂದು ಪೈಲಟ್ ಹೇಳಿದ. ಮೇಲಧಿಕಾರಿಯಿಂದ ಎಲ್ಲರೆದುರು ಬೈಸಿಕೊಂಡ.

ಪ್ರಿನ್ಸಿಪಾಲ್ ವಸಿಷ್ಠ ನಾಲ್ಕೂ ಪುಟ ಓದಿದರು. "ಚೆನ್ನಾಗಿದೆ ಸಾರ್. ಆದ್ರೆ ಬಾಂಬ್ ಹಾಕ್ದೆ ಬಂದಿದ್ದು ಬೇಡ. ಫೇಲ್ಯೂರ್ ಥರ ಕಾಣುತ್ತೆ."

"ಅವತ್ತು ಆ ಮೋಡದ ಕೆಳಗೆ ಮಲಗಿದ್ದೋರನ್ನ ಕೇಳಿ ಸಾರ್."

ವಸಿಷ್ಠ ನಕ್ಕರು, ಒಪ್ಪಲಿಲ್ಲ.

"ಹಾಗಾದ್ರೆ ನನ್ನ ಹೆಸರೂ ಬೇಡ" ಎಂದು ಸಂಜೀವಯ್ಯ ಎದ್ದುಬಂದರು.

ಮನೆಯಲ್ಲಿ ಹೆಂಡತಿ ಕೆಂಪಕ್ಕ ಕೇಳಿದರು: "ಐವತ್ತು ವರ್ಷ ಬಾಯಿ ಬಿಡ್ಲಿಲ್ಲ. ಈಗ್ಯಾಕೆ ಈ ಹಟ?"

ಸಂಜೀವಯ್ಯ ಹೇಳಿದರು: "ಆ ದಿನಕ್ಕೆ ಮುಂಚೆ ವಿಮಾನ ಬಾಂಬ್ ಹಾಕಿ ಖಾಲಿಯಾಗಿ ಬಂದ್ರೆ ಚಪ್ಪಾಳೆ ಹೊಡೀತಿದ್ವಿ ಕಣೇ. ಆ ಬಾಂಬ್‌ಗಳನ್ನ ಅಷ್ಟು ಹತ್ತಿರದಿಂದ ನೋಡಿದ್ಮೇಲೆ ಚಪ್ಪಾಳೆ ಹೊಡೆಯೋಕೆ ನನಗೆ ಕೈ ಬರ್ಲಿಲ್ಲ. ಹಾಗಂತ ಕೆಲಸಾನೂ ಬಿಡ್ಲಿಲ್ಲ."

ಹತ್ತು ಸಾಲಿನ ಬೋರ್ಡು ಎದ್ದಿತು. ಅದರಲ್ಲಿ ಆ ಮುಂಜಾನೆ ಇರಲಿಲ್ಲ, ಅವರ ಹೆಸರೂ ಇರಲಿಲ್ಲ. ಆದರೆ ಅರ್ಪಿತ ಆ ನಾಲ್ಕು ಪುಟಗಳನ್ನು ಟೈಪ್ ಮಾಡಿಸಿ ಲೈಬ್ರರಿಯಲ್ಲಿಟ್ಟಳು. ತನ್ನ ಕ್ಲಾಸಿಗೆ ಬಂದು ಮಾತಾಡುವಂತೆ ಅವರನ್ನು ಕರೆದಳು. ಬೇಡವೆನ್ನಬೇಕೆಂದುಕೊಂಡೇ ಸಂಜೀವಯ್ಯ ಹೋದರು. ನಿಂತೇ ಒಂದು ಗಂಟೆ ಮಾತಾಡಿದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಆ ಪೈಲಟ್ ಆಮೇಲೆ ಏನ್ಮಾಡಿದ್ರು ಸಾರ್?"

"ಮಾರನೇ ದಿನ ಮತ್ತೆ ಹೋದ್ರಮ್ಮ. ಆ ಸಲ ವಿಮಾನ ಖಾಲಿಯಾಗಿ ಬಂತು" ಎಂದರು ಸಂಜೀವಯ್ಯ. "ಅದನ್ನ ರೆಡಿ ಮಾಡಿ ಕಳಿಸಿದ್ದು ನಾನೇ."

ಅಷ್ಟು ಹೇಳಿ, ನೀರು ಕುಡಿದು, ಮುಂದಿನ ಪ್ರಶ್ನೆಗೆ ಕಾದರು.